ಬ್ಲಾಕ್‌ಚೈನ್ ಪೇಪರ್ ನನ್ನ ಪಾಲಿಗೆ ಬಂದಿದೆ, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ಎಂಕಾಂ ಮತ್ತು ಎಂಬಿಎ ತರಗತಿಗಳಿಗೆ ಪಾಠ ಮಾಡುವ ಸಹಾಯಕ ಪ್ರಾಧ್ಯಾಪಕಿ. ಓದಿದ್ದು ಕಾಮರ್ಸ್, ಕೋಡಿಂಗ್ ಬರುವುದಿಲ್ಲ. ಮುಂದಿನ ಸೆಮಿಸ್ಟರ್‌ಗೆ ‘ಬ್ಲಾಕ್‌ಚೈನ್: ವ್ಯಾಪಾರ ಮತ್ತು ಸಮಾಜ’ ಎಂಬ ಪೇಪರ್ ನನಗೆ ಕೊಟ್ಟಿದ್ದಾರೆ. ಕ್ಲಾಸಿನಲ್ಲಿ ಅರ್ಧ ಬಿಕಾಂ ಮುಗಿಸಿದವರು, ಇನ್ನರ್ಧ ಇಂಜಿನಿಯರಿಂಗ್ ಮುಗಿಸಿದವರು. ಸಿಲಬಸ್ಸಿನ ಮೊದಲ ಎರಡು ಯೂನಿಟ್ ಪೂರ್ತಿ ಕ್ರಿಪ್ಟೋಗ್ರಫಿ. ಹುಡುಗರಿಗೆ ಮಾತ್ರ ಯಾವ ಕಾಯಿನ್ ಕೊಳ್ಳಬೇಕು ಅನ್ನುವುದೊಂದೇ ಯೋಚನೆ. ಇದನ್ನು ಹೇಗೆ ಕಲಿಸಲಿ? ಇಂಜಿನಿಯರ್ ಹುಡುಗರ ಮುಂದೆ ನಾನು ಹೇಗೆ ನಿಲ್ಲಲಿ?

ಉತ್ತರ:

ಮೇಡಂ, ನೀವು ಕಾಮರ್ಸ್ ಓದಿದ್ದು ಈ ಪೇಪರ್‌ಗೆ ಅನುಕೂಲವೇ. ಬ್ಲಾಕ್‌ಚೈನ್ ಅಂದರೆ ಹಲವರು ಸೇರಿ ಇಟ್ಟುಕೊಂಡ ಒಂದು ಲೆಕ್ಕದ ಪುಸ್ತಕ. ಅದರಲ್ಲಿ ಯಾರು ಬರೆಯಬಹುದು, ಬರೆದದ್ದನ್ನು ಯಾರು ತಿದ್ದಬಹುದು, ಇಬ್ಬರ ಪುಸ್ತಕ ತಾಳೆಯಾಗದಿದ್ದರೆ ಯಾರದ್ದನ್ನು ಸರಿ ಅನ್ನಬೇಕು? ಆಡಿಟಿಂಗ್ ಪಾಠ ಮಾಡಿದವರಿಗೆ ಇದೆಲ್ಲ ಹೊಸದೇನಲ್ಲ. ಕೋಡ್ ಬರೆಯುವವರಿಗೆ ಈ ಪ್ರಶ್ನೆಗಳು ಹೊಳೆಯುವುದೇ ಕಡಿಮೆ.

ಇಡೀ ಸೆಮಿಸ್ಟರನ್ನು ಒಂದೇ ಪ್ರಶ್ನೆಯ ಸುತ್ತ ಕಟ್ಟಿ ಅನ್ನುವುದು ನನ್ನ ಸಲಹೆ. ಒಬ್ಬರನ್ನೊಬ್ಬರು ನಂಬದ ಜನ ಒಂದೇ ಪುಸ್ತಕಕ್ಕೆ ಒಪ್ಪಬೇಕಾದರೆ ಅವರನ್ನು ಒಪ್ಪಿಸುವವರು ಯಾರು? ಸಾಫ್ಟ್‌ವೇರ್ ಒಪ್ಪಿಸುವುದಿಲ್ಲ. ಕಾನೂನು ಒಪ್ಪಿಸುತ್ತದೆ, ಇಲ್ಲವಾದರೆ ಲಾಭ ಒಪ್ಪಿಸುತ್ತದೆ. ವ್ಯಾಪಾರದಲ್ಲಿ ಬ್ಲಾಕ್‌ಚೈನ್ ಎಲ್ಲಿ ಉಳಿಯಿತು, ಎಲ್ಲಿ ಮಣ್ಣು ಮುಕ್ಕಿತು ಅನ್ನುವುದಕ್ಕೆ ಹೆಚ್ಚುಕಡಿಮೆ ಇದೇ ಕಾರಣ.

ಮೊದಲು ಆ ಕ್ರಿಪ್ಟೋಗ್ರಫಿ ಯೂನಿಟ್‌ಗಳನ್ನು ಮುಗಿಸಿಬಿಡೋಣ. ಹ್ಯಾಶ್ ಅನ್ನುವುದೊಂದು ಗಟ್ಟಿಯಾಗಿ ತಲೆಗೆ ಹೋದರೆ ನಿಮ್ಮ ಹುಡುಗರಿಗೆ ಮುಕ್ಕಾಲು ಪಾಲು ಸಾಕು. ಹ್ಯಾಶ್ ಅಂದರೆ ಯಾವುದೇ ಬರಹಕ್ಕೆ ಲೆಕ್ಕ ಹಾಕಿ ತೆಗೆದ ಬೆರಳಚ್ಚು ಅನ್ನಿ. ಎಸ್‌ಎಚ್‌ಎ-256 ಅನ್ನುವುದು ಹ್ಯಾಶ್ ತೆಗೆಯುವ ಒಂದು ವಿಧಾನ, ಅದನ್ನು ಲೆಕ್ಕ ಹಾಕುವ ಪುಟಗಳು ಇಂಟರ್ನೆಟ್‌ನಲ್ಲಿ ಬೇಕಾದಷ್ಟಿವೆ. ಕ್ಲಾಸಿನಲ್ಲೇ ಒಂದನ್ನು ತೆರೆದು ‘ಗೌಡರಿಗೆ 500 ರೂಪಾಯಿ’ ಅಂತ ಟೈಪ್ ಮಾಡಿ. 64 ಅಕ್ಷರ-ಅಂಕಿಗಳ ಒಂದು ಸಾಲು ಬರುತ್ತದೆ. 500 ಅನ್ನು 501 ಮಾಡಿ. ಸಾಲು ಗುರುತೇ ಸಿಗದಂತೆ ಬದಲಾಗುತ್ತದೆ. ಇನ್ನೂರು ಪುಟದ ದಾಖಲೆ ಹಾಕಿದರೂ ಬರುವುದು ಅಷ್ಟೇ 64. ಲೆಕ್ಕದ ಒಂದೊಂದು ಕಂತನ್ನು ಬ್ಲಾಕ್ ಅನ್ನುತ್ತಾರೆ. ಒಂದು ಬ್ಲಾಕಿನ ಹ್ಯಾಶನ್ನು ಮುಂದಿನ ಬ್ಲಾಕಿನೊಳಗೆ ಬರೆದಿಟ್ಟರೆ ಹಿಂದಿನದನ್ನು ಗುಟ್ಟಾಗಿ ತಿದ್ದಲು ಆಗುವುದಿಲ್ಲ, ಯಾಕೆಂದರೆ ಒಂದನ್ನು ತಿದ್ದಿದರೆ ಅದರ ಮುಂದಿನ ಎಲ್ಲವನ್ನೂ ತಿದ್ದಬೇಕಾಗುತ್ತದೆ.

ಇಲ್ಲಿ ಬಿಟ್‌ಕಾಯಿನ್ ಹೆಸರು ಎತ್ತುವ ಮೊದಲು ಒಂದು ಹಳೇ ಕಥೆ ಹೇಳಿ. 1991ರಲ್ಲಿ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟೋರ್ನೆಟ್ಟ ಎಂಬ ಇಬ್ಬರು ಸಂಶೋಧಕರು ಡಿಜಿಟಲ್ ದಾಖಲೆಗೆ ದಿನಾಂಕದ ಮುದ್ರೆ ಒತ್ತುವುದು ಹೇಗೆ ಅಂತ ಒಂದು ಪ್ರಬಂಧ ಬರೆದರು. ಆಮೇಲೆ ಅವರು ಕಟ್ಟಿದ ಕಂಪನಿ ಏನು ಮಾಡಿತು ಗೊತ್ತಾ? 1995ರಿಂದ ವಾರಕ್ಕೊಮ್ಮೆ, ತಮ್ಮ ಬಳಿ ಬಂದ ಎಲ್ಲ ದಾಖಲೆಗಳ ಹ್ಯಾಶ್‌ಗಳನ್ನು ಸರಪಳಿಯಂತೆ ಸೇರಿಸಿ, ಬಂದ ಒಂದು ಸಾಲನ್ನು ನ್ಯೂಯಾರ್ಕ್ ಟೈಮ್ಸ್‌ನ ಸಣ್ಣ ಜಾಹೀರಾತಿನ ಕಾಲಂನಲ್ಲಿ ಅಚ್ಚು ಹಾಕಿಸಿತು. ಯಾರಾದರೂ ಹಳೇ ದಾಖಲೆ ತಿದ್ದಬೇಕಾದರೆ ಊರೂರಿನ ಲೈಬ್ರರಿಗಳಲ್ಲಿರುವ ಪೇಪರ್‌ಗಳನ್ನೆಲ್ಲ ತಿದ್ದಬೇಕು. ಕಾಯಿನ್ ಇಲ್ಲ, ಯಂತ್ರ ಓಡಿಸಿ ಕಾಯಿನ್ ಗಳಿಸುವ ಗಣಿಗಾರಿಕೆ ಇಲ್ಲ, ಆದರೂ ಕೆಲಸ ನಡೆಯಿತು. 2008ರ ಅಕ್ಟೋಬರ್ 31ರಂದು ಸತೋಶಿ ನಕಾಮೊಟೊ ಹೆಸರಿನಲ್ಲಿ ಬಂದ 9 ಪುಟದ ಬಿಟ್‌ಕಾಯಿನ್ ಪ್ರಬಂಧದಲ್ಲಿ ಉಲ್ಲೇಖಿಸಿರುವುದು ಒಟ್ಟು 8 ಬರಹಗಳನ್ನು. ಅವುಗಳಲ್ಲಿ 3 ಇವರದ್ದೇ. ಕಾಯಿನ್ ಬೇರೆ, ಸರಪಳಿ ಬೇರೆ ಅಂತ ಹುಡುಗರಿಗೆ ಬಿಡಿಸಿ ಹೇಳಲು ಇದಕ್ಕಿಂತ ಸುಲಭದ ದಾರಿ ನನಗಂತೂ ಸಿಕ್ಕಿಲ್ಲ.

ಹಾಗಾದರೆ ಸತೋಶಿ ಹೊಸದಾಗಿ ಮಾಡಿದ್ದೇನು? ಇದನ್ನು ಸ್ಲೈಡ್ ಹಾಕಿ ವಿವರಿಸಬೇಡಿ, ಆಡಿಸಿ. ಕ್ಲಾಸನ್ನು ಐದು ಗುಂಪು ಮಾಡಿ, ಗುಂಪಿಗೊಂದು ನೋಟ್‌ಬುಕ್ ಕೊಡಿ. ಇಡೀ ಕ್ಲಾಸು ಒಂದು ಸ್ವಸಹಾಯ ಸಂಘ, ಆದರೆ ಲೆಕ್ಕ ಬರೆಯಲು ಕಾರ್ಯದರ್ಶಿ ಇಲ್ಲ, ಐದೂ ಗುಂಪು ಅದೇ ಲೆಕ್ಕ ಇಡಬೇಕು. ಒಬ್ಬ ಹುಡುಗನಿಗೆ ಮೊದಲೇ ಗುಟ್ಟಾಗಿ ಹೇಳಿಡಿ: ನಿನ್ನ ಹತ್ತಿರ ಇರುವ ಒಂದೇ 500 ರೂಪಾಯಿಯನ್ನು ಈ ಮೂಲೆಯಲ್ಲಿ ಒಬ್ಬರಿಗೂ ಆ ಮೂಲೆಯಲ್ಲಿ ಇನ್ನೊಬ್ಬರಿಗೂ ಒಟ್ಟಿಗೇ ಕೊಡು ಅಂತ. ಐದು ನಿಮಿಷದಲ್ಲಿ ಎರಡು ಪುಸ್ತಕ ಒಂದು ಥರ, ಮೂರು ಪುಸ್ತಕ ಇನ್ನೊಂದು ಥರ ಆಗಿರುತ್ತವೆ. ಜಗಳ ಶುರುವಾಗುತ್ತದೆ. ಜಗಳವಾಡಲಿ ಬಿಡಿ.

‘ವೋಟ್ ಹಾಕೋಣ ಮೇಡಂ’ ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಆಗ ಇನ್ನೊಂದು ಗುಂಪಿಗೆ ಹತ್ತು ಸುಳ್ಳು ಹೆಸರು ಕೊಟ್ಟು ಹತ್ತು ವೋಟ್ ಹಾಕಲು ಬಿಡಿ. ಇಂಟರ್ನೆಟ್‌ನಲ್ಲಿ ಒಬ್ಬನೇ ಸಾವಿರ ಹೆಸರಿನಲ್ಲಿ ಬರಬಹುದಲ್ವಾ? ಹಾಗಾಗಿ ವೋಟಿಗೆ ಒಂದು ಬೆಲೆ ಇಡಬೇಕು. ಬಿಟ್‌ಕಾಯಿನ್‌ನಲ್ಲಿ ಆ ಬೆಲೆ ಕರೆಂಟು ಮತ್ತು ಯಂತ್ರ. ಎಥೀರಿಯಂ ಎಂಬ ಇನ್ನೊಂದು ಸರಪಳಿಯೂ ಹಾಗೇ ಇತ್ತು, 2022ರ ಸೆಪ್ಟೆಂಬರ್ 15ರಂದು ಅದನ್ನು ಬಿಟ್ಟು ಠೇವಣಿಯ ಪದ್ಧತಿಗೆ ಬಂತು. ಮೋಸ ಮಾಡಿದರೆ ಠೇವಣಿ ಹೋಗುತ್ತದೆ. ಅದರ ಕರೆಂಟ್ ಖರ್ಚು 99 ಶೇಕಡಾಕ್ಕೂ ಜಾಸ್ತಿ ಇಳಿಯಿತು. ‘ಬ್ಲಾಕ್‌ಚೈನ್ ಅಂದರೆ ಕರೆಂಟ್ ತಿನ್ನುವ ಯಂತ್ರ’ ಅಂತ ಯಾರಾದರೂ ಪರೀಕ್ಷೆಯಲ್ಲಿ ಬರೆದರೆ ಅರ್ಧ ಅಂಕ ಕೊಡಿ. ಬಿಟ್‌ಕಾಯಿನ್‌ಗೆ ಅದು ಈಗಲೂ ನಿಜ.

ಈ ಆಟ ಮುಗಿದ ಮೇಲೆ ಬೆಲೆಯ ಲೆಕ್ಕ ಹಾಕಿಸಿ. ಬಿಟ್‌ಕಾಯಿನ್ ಸರಪಳಿಯಲ್ಲಿ ಸೆಕೆಂಡಿಗೆ ಸುಮಾರು 7 ವ್ಯವಹಾರ ನಡೆಯಬಹುದು. ದಿನಕ್ಕೆ ಆರು ಲಕ್ಷ ಆಯಿತು. ನಮ್ಮ ಯುಪಿಐ ತಿಂಗಳಿಗೆ ಸಾವಿರ ಕೋಟಿ ದಾಟಿ ಯಾವುದೋ ಕಾಲವಾಯಿತು. ಅದರಲ್ಲಿ ಬ್ಲಾಕ್‌ಚೈನ್ ಇಲ್ಲ. ನಡುವೆ ಎನ್‌ಪಿಸಿಐ ಅನ್ನುವ ಒಂದು ಸಂಸ್ಥೆ ಕೂತಿದೆ, ಮೇಲೆ ರಿಸರ್ವ್ ಬ್ಯಾಂಕ್ ಇದೆ, ಎಲ್ಲ ಬ್ಯಾಂಕೂ ಅವರ ಮಾತು ಕೇಳುತ್ತವೆ. ನಡುವಿನವರನ್ನು ನಂಬಬಹುದಾದರೆ ಕೆಲಸ ಅಗ್ಗ, ವೇಗವೂ ಜಾಸ್ತಿ. ಹಾಗಾದರೆ ನಂಬಲಾಗದ ಕಡೆ ಯಾವುದು? ಕೋರ್ಸಿನ ಉಳಿದ ಭಾಗ ಅದೇ.

ಸೆಮಿಸ್ಟರ್‌ನ ಹೆಚ್ಚು ಸಮಯವನ್ನು ಎರಡು ಉದಾಹರಣೆಗಳಿಗೆ ಕೊಡಿ.

ಒಂದು ಎಲ್ಲರ ಜೇಬಿನಲ್ಲೇ ಇದೆ. ಹುಡುಗರಿಗೆ ಫೋನ್ ತೆಗೆದು ಬ್ಯಾಂಕಿನಿಂದ ಬಂದ ಎಸ್‌ಎಂಎಸ್ ನೋಡಲು ಹೇಳಿ. ಕಳಿಸಿದವರ ಜಾಗದಲ್ಲಿ ಎರಡು ಅಕ್ಷರ, ಒಂದು ಅಡ್ಡಗೆರೆ, ಆಮೇಲೆ ಕಂಪನಿಯ ಗುರುತು ಇರುತ್ತದೆ. ಮೊದಲ ಅಕ್ಷರ ಮೊಬೈಲ್ ಕಂಪನಿಯದ್ದು, ಎರಡನೆಯದು ಸರ್ಕಲ್‌ನದ್ದು, ಅಂದರೆ ಮೊಬೈಲ್ ಸೇವೆಯ ವಲಯದ್ದು. ಕರ್ನಾಟಕಕ್ಕೆ ಎಕ್ಸ್. 2025ರಿಂದ ಕೊನೆಯಲ್ಲಿ ಇನ್ನೊಂದು ಅಕ್ಷರ ಸೇರಿದೆ: ಜಾಹೀರಾತಿಗೆ ಪಿ, ಸೇವೆಗೆ ಎಸ್, ವ್ಯವಹಾರಕ್ಕೆ ಟಿ, ಸರ್ಕಾರಕ್ಕೆ ಜಿ. ಈ ಗುರುತುಗಳ ಹಿಂದೆ ಇರುವುದು ಮೊಬೈಲ್ ಕಂಪನಿಗಳು ಸೇರಿ ನಡೆಸುವ, ಬ್ಲಾಕ್‌ಚೈನ್ ಮಾದರಿಯ ಒಂದು ಹಂಚಿಕೆಯ ಲೆಡ್ಜರ್. ಇಂಗ್ಲಿಷಿನಲ್ಲಿ ಇದಕ್ಕೆ ಡಿಸ್ಟ್ರಿಬ್ಯೂಟೆಡ್ ಲೆಡ್ಜರ್ ಟೆಕ್ನಾಲಜಿ, ಚಿಕ್ಕದಾಗಿ ಡಿಎಲ್‌ಟಿ. ಎಸ್‌ಎಂಎಸ್ ಕಳಿಸುವ ವ್ಯಾಪಾರದವರು ‘ಡಿಎಲ್‌ಟಿ ಮಾಡಿಸಬೇಕು’ ಅಂತ ಗೊಣಗುವುದು ಇದಕ್ಕೇ. 2018ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ತಂದ ನಿಯಮದಂತೆ ಪ್ರತಿ ಕಂಪನಿಯೂ ತನ್ನ ಹೆಸರು, ತನ್ನ ಗುರುತು, ಕಳಿಸುವ ಸಂದೇಶದ ನಮೂನೆ ಎಲ್ಲವನ್ನೂ ಮೊದಲೇ ನೋಂದಾಯಿಸಬೇಕು. ಸಂದೇಶ ಹೊರಟಾಗ ನಮೂನೆಗೆ ಹೊಂದುತ್ತದಾ ಅಂತ ತಾಳೆ ನೋಡಲಾಗುತ್ತದೆ, ಹೊಂದದಿದ್ದರೆ ಅಲ್ಲೇ ತಡೆ.

2021ರ ಮಾರ್ಚ್ 8ರಂದು ಈ ತಾಳೆ ನೋಡುವ ಕೆಲಸ ಬಿಗಿಯಾಗಿ ಶುರುವಾಯಿತು. ಅವತ್ತು ದೇಶದ ತುಂಬ ಜನರಿಗೆ ಒಟಿಪಿ ಬರಲಿಲ್ಲ. ಬ್ಯಾಂಕ್ ವ್ಯವಹಾರ ನಿಂತಿತು, ಆನ್‌ಲೈನ್ ಆರ್ಡರ್ ಅರ್ಧಕ್ಕೆ ನಿಂತಿತು. ಎಷ್ಟೋ ಸಂಸ್ಥೆಗಳು ನಮೂನೆಗಳನ್ನು ನೋಂದಾಯಿಸಿಯೇ ಇರಲಿಲ್ಲ. ಕೊನೆಗೆ ಟ್ರಾಯ್ ಏಳು ದಿನ ತಾಳೆ ನಿಲ್ಲಿಸಿ ಉಸಿರಾಡಲು ಅವಕಾಶ ಕೊಟ್ಟಿತು. ಆ ದಿನದ ಮೇಲೆ ಒಂದು ಪೂರ್ತಿ ಕ್ಲಾಸ್ ಮಾಡಿ. ಸಾಫ್ಟ್‌ವೇರ್ ಹೇಳಿದಂತೆಯೇ ಕೆಲಸ ಮಾಡಿತು, ಆದರೂ ಜನಕ್ಕೆ ತೊಂದರೆ ಆಯಿತು. ತಪ್ಪು ಯಾರದ್ದು? ಬಿಕಾಂ ಹುಡುಗರೂ ಇಂಜಿನಿಯರ್‌ಗಳೂ ಒಂದೇ ಮಟ್ಟದಲ್ಲಿ ನಿಂತು ವಾದ ಮಾಡಬಹುದಾದ ಪ್ರಶ್ನೆ ಇದು.

ಇನ್ನೊಂದು ಮಾತೂ ಕೇಳಿ: ಈ ವ್ಯವಸ್ಥೆ ಬಂದ ಮೇಲೆ ಸ್ಪ್ಯಾಮ್ ನಿಂತಿದೆಯಾ? ಎಲ್ಲರೂ ನಗುತ್ತಾರೆ. ಹತ್ತಂಕಿಯ ಮಾಮೂಲಿ ನಂಬರಿನಿಂದ ಸಾಲ ಬೇಕಾ ಅಂತ ಬರುವ ಕರೆ, ವಾಟ್ಸಾಪ್‌ನಲ್ಲಿ ಬರುವ ಲಿಂಕ್, ಇವು ಆ ಲೆಡ್ಜರ್‌ನ ಬಾಗಿಲಿಗೇ ಬರುವುದಿಲ್ಲ. ಬಾಗಿಲಿಗೆ ಬಾರದ್ದನ್ನು ಯಾವ ಲೆಡ್ಜರೂ ಕಾಯಲಾರದು.

ಎರಡನೆಯ ಉದಾಹರಣೆ ಟ್ರೇಡ್‌ಲೆನ್ಸ್. ಹಡಗು ಕಂಪನಿ ಮಾರ್ಸ್ಕ್ ಮತ್ತು ಐಬಿಎಂ ಸೇರಿ 2018ರಲ್ಲಿ ಹೊರತಂದ, ಸರಕು ಸಾಗಣೆಯ ಕಾಗದ-ಪತ್ರಕ್ಕೆಂದೇ ಮಾಡಿದ ಬ್ಲಾಕ್‌ಚೈನ್ ವೇದಿಕೆ. ಸಮಸ್ಯೆ ನಿಜವಾದದ್ದೇ ಆಗಿತ್ತು. ಪೂರ್ವ ಆಫ್ರಿಕಾದಿಂದ ಯುರೋಪಿಗೆ ಹೋಗುವ ಒಂದು ಶೀತಲ ಕಂಟೇನರ್ ಸುಮಾರು 30 ಜನ-ಸಂಸ್ಥೆಗಳ ಕೈ ದಾಟುತ್ತದೆ, ಅವರ ನಡುವೆ 200ಕ್ಕೂ ಹೆಚ್ಚು ಸಲ ಕಾಗದ-ಪತ್ರ ಓಡಾಡುತ್ತದೆ ಅಂತ ಅವರೇ ಲೆಕ್ಕ ಹಾಕಿದ್ದರು. ಬಂದರು, ಕಸ್ಟಮ್ಸ್, ಹಡಗಿನವರು, ಬ್ಯಾಂಕು, ಯಾರೂ ಇನ್ನೊಬ್ಬರ ಪುಸ್ತಕ ನಂಬುವುದಿಲ್ಲ. ಪಠ್ಯಪುಸ್ತಕದ ಪ್ರಕಾರ ಬ್ಲಾಕ್‌ಚೈನ್‌ಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ದುಡ್ಡಿತ್ತು, ತಂತ್ರಜ್ಞಾನ ಇತ್ತು, ಹೆಸರಿತ್ತು. 2022ರ ನವೆಂಬರ್‌ನಲ್ಲಿ ಮುಚ್ಚುತ್ತೇವೆ ಅಂತ ಪ್ರಕಟಿಸಿದರು, 2023ರ ಮೊದಲ ತಿಂಗಳುಗಳಲ್ಲಿ ಬಾಗಿಲು ಹಾಕಿದರು. ಇಡೀ ಉದ್ಯಮ ಕೈಜೋಡಿಸಲಿಲ್ಲ ಅನ್ನುವುದೇ ಅವರು ಕೊಟ್ಟ ಕಾರಣ.

ಯಾಕೆ ಕೈಜೋಡಿಸಲಿಲ್ಲ ಅಂತ ಹುಡುಗರಿಂದಲೇ ಹೇಳಿಸಿ. ನಿಮ್ಮ ಎದುರಾಳಿ ಕಂಪನಿ ಇಟ್ಟ ಪುಸ್ತಕದಲ್ಲಿ ನಿಮ್ಮ ಗಿರಾಕಿಗಳ ಲೆಕ್ಕ ಬರೆಯಲು ಒಪ್ಪುತ್ತೀರಾ? ಎಂಎಸ್‌ಸಿ, ಸಿಎಂಎ ಸಿಜಿಎಂನಂಥ ದೊಡ್ಡ ಎದುರಾಳಿಗಳು 2019ರಲ್ಲಿ ಸೇರಿದ್ದರು ಅನ್ನುವುದೂ ನಿಜ. ಸೇರಿದರೂ ಸಾಲಲಿಲ್ಲ. ಇಲ್ಲಿ ಪಾತ್ರ ಹಂಚಿ: ಒಬ್ಬರು ಮಾರ್ಸ್ಕ್, ಒಬ್ಬರು ಎದುರಾಳಿ, ಒಬ್ಬರು ಬಂದರಿನವರು, ಒಬ್ಬರು ಸಣ್ಣ ರಫ್ತುದಾರ. ಸೇರಿದರೆ ಯಾರಿಗೆ ಎಷ್ಟು ಖರ್ಚು, ಯಾರಿಗೆ ಎಷ್ಟು ಉಳಿತಾಯ, ಗುಟ್ಟು ಯಾರದ್ದು ಬಯಲಾಗುತ್ತದೆ ಅಂತ ಪ್ರತಿಯೊಬ್ಬರೂ ಒಂದು ಪುಟ ಬರೆಯಲಿ. ಪುಟಗಳನ್ನು ಪಕ್ಕಪಕ್ಕ ಇಟ್ಟರೆ ಕಾರಣ ತಾನಾಗಿ ಕಾಣುತ್ತದೆ. ಎಸ್‌ಎಂಎಸ್ ವಿಷಯದಲ್ಲಿ ಮೊಬೈಲ್ ಕಂಪನಿಗಳೂ ಎದುರಾಳಿಗಳೇ, ಆದರೆ ಸೇರುವುದಿಲ್ಲ ಅನ್ನುವ ಆಯ್ಕೆ ಅವಕ್ಕೆ ಇರಲಿಲ್ಲ. ಟ್ರಾಯ್ ಹೇಳಿತು, ಸೇರಿದವು. ಸಮುದ್ರದ ಮೇಲೆ ಟ್ರಾಯ್ ಇಲ್ಲವಲ್ಲ!

ಇನ್ನೊಂದು ಸೋಲೂ ಬೇಕಾದರೆ ಆಸ್ಟ್ರೇಲಿಯಾದ ಷೇರು ವಿನಿಮಯ ಕೇಂದ್ರದ್ದು ಇದೆ. ಷೇರು ಮತ್ತು ಹಣ ಕೈಬದಲಾಗುವ ಹಳೇ ಸೆಟಲ್‌ಮೆಂಟ್ ವ್ಯವಸ್ಥೆಯನ್ನು ಬ್ಲಾಕ್‌ಚೈನ್ ಮಾದರಿಗೆ ಬದಲಿಸುತ್ತೇವೆ ಅಂತ 2017ರಲ್ಲಿ ಹೊರಟು, 2022ರ ನವೆಂಬರ್‌ನಲ್ಲಿ ಕೈಬಿಟ್ಟು, ಸುಮಾರು 25 ಕೋಟಿ ಆಸ್ಟ್ರೇಲಿಯನ್ ಡಾಲರ್ ನಷ್ಟ ಬರೆದುಕೊಂಡರು. ಅಕೌಂಟಿಂಗ್ ಕಲಿತ ಹುಡುಗರಿಗೆ ರೈಟ್ ಆಫ್ ಅಂದರೆ ಏನು ಅಂತ ವಿವರಿಸಬೇಕಿಲ್ಲ.

ಇನ್ನು ಪ್ರಾಜೆಕ್ಟ್ ವಿಷಯ. ಹತ್ತರಲ್ಲಿ ನಾಲ್ಕು ಜನ ‘ಮಾರ್ಕ್ಸ್ ಕಾರ್ಡ್ ಬ್ಲಾಕ್‌ಚೈನ್‌ನಲ್ಲಿ’ ಅಂತ ಬರುತ್ತಾರೆ, ಇನ್ನಿಬ್ಬರು ‘ಭೂದಾಖಲೆ ಬ್ಲಾಕ್‌ಚೈನ್‌ನಲ್ಲಿ’. ಬೇಡ ಅನ್ನಬೇಡಿ, ಪ್ರಶ್ನೆ ಕೇಳಿ. ಮಾರ್ಕ್ಸ್ ಕಾರ್ಡ್ ಕೊಡುವವರು ಯಾರು? ವಿಶ್ವವಿದ್ಯಾಲಯ ಒಂದೇ. ಅದನ್ನು ನಂಬಲೇಬೇಕು. ಅದರ ಡಿಜಿಟಲ್ ಸಹಿ ಇದ್ದರೆ ಕಾರ್ಡ್ ಅಸಲಿಯೋ ನಕಲಿಯೋ ಅಂತ ಯಾರು ಬೇಕಾದರೂ ಪರೀಕ್ಷಿಸಬಹುದು. ಡಿಜಿಲಾಕರ್ ಅದನ್ನೇ ಮಾಡುತ್ತಿದೆ. ಒಬ್ಬನೇ ಬರೆಯುವ ಪುಸ್ತಕಕ್ಕೆ ಐದು ಪ್ರತಿ ಯಾಕೆ?

ಭೂದಾಖಲೆ ಇನ್ನೂ ಸ್ವಾರಸ್ಯ. ನಮ್ಮಲ್ಲಿ 2000ದ ಸುಮಾರಿಗೇ ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರ್‌ಗೆ ಹೋಯಿತು. ಆದರೂ ಜಮೀನಿನ ಕೇಸುಗಳು ಕೋರ್ಟಿನಲ್ಲಿ ತಲೆಮಾರು ಕಳೆಯುತ್ತವೆ. ಯಾಕೆ? ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸುವುದು ಪತ್ರವನ್ನು. ಮಾರಿದವನು ನಿಜವಾದ ಮಾಲೀಕ ಅಂತ ಸರ್ಕಾರ ಅಲ್ಲಿ ಖಾತ್ರಿ ಕೊಡುವುದಿಲ್ಲ. ಅಣ್ಣತಮ್ಮಂದಿರ ಪಾಲು ಆಗದ ಜಮೀನು, ಸತ್ತವರ ಹೆಸರಿನಲ್ಲೇ ಉಳಿದ ಖಾತೆ, ಪೋಡಿ ಆಗದ ಸರ್ವೆ ನಂಬರ್, ಇವನ್ನೆಲ್ಲ ಹಾಗೇ ಬ್ಲಾಕ್‌ಚೈನ್‌ಗೆ ಏರಿಸಿದರೆ ಗೋಜಲು ಅಳಿಸಲಾಗದ ಗೋಜಲು ಆಗುತ್ತದೆ, ಅಷ್ಟೇ. ಜಾರ್ಜಿಯಾ ದೇಶ 2016ರಲ್ಲಿ ಭೂದಾಖಲೆಯ ಹ್ಯಾಶ್‌ಗಳನ್ನು ಬಿಟ್‌ಕಾಯಿನ್ ಸರಪಳಿಗೆ ಸೇರಿಸಲು ಶುರು ಮಾಡಿತು, ಆದರೆ ಅಲ್ಲಿ ನೋಂದಣಿ ವ್ಯವಸ್ಥೆಯನ್ನು ಅದಕ್ಕೂ ಮೊದಲೇ ಸರಿಪಡಿಸಿಕೊಂಡಿದ್ದರು.

ಪ್ರಾಜೆಕ್ಟಿಗೆ ನನ್ನ ಆಯ್ಕೆ ಕಾಫಿ. ಕಾಫಿ ಮಂಡಳಿ 2019ರ ಮಾರ್ಚ್‌ನಲ್ಲಿ ಬ್ಲಾಕ್‌ಚೈನ್ ಆಧಾರಿತ ಮಾರುಕಟ್ಟೆ ವೇದಿಕೆಯನ್ನು ಪ್ರಾಯೋಗಿಕವಾಗಿ ಶುರು ಮಾಡಿತ್ತು. ಬೆಳೆಗಾರ ಮತ್ತು ಕೊಳ್ಳುವವರ ನಡುವೆ ಇರುವ ಮಧ್ಯವರ್ತಿಗಳ ಸಾಲು ಕಡಿಮೆ ಮಾಡುವುದು, ಕಾಫಿ ಯಾವ ತೋಟದ್ದು ಅಂತ ತೋರಿಸುವುದು ಅದರ ಉದ್ದೇಶ. ಹುಡುಗರಿಗೆ ಒಂದು ಮೂಟೆಯ ದಾರಿ ಬಿಡಿಸಲು ಹೇಳಿ. ಕೊಡಗಿನ ಸಣ್ಣ ಬೆಳೆಗಾರ ಕಣದಲ್ಲಿ ಒಣಗಿಸಿದ ರೊಬಸ್ಟ ಚೆರಿಯನ್ನು ಊರಿನ ವ್ಯಾಪಾರಿಗೆ ಮಾರುತ್ತಾನೆ. ವ್ಯಾಪಾರಿಯ ಗೋದಾಮಿನಲ್ಲಿ ಅದು ಇನ್ನೂ ಹತ್ತು ತೋಟದ ಚೆರಿ ಜೊತೆ ಸೇರುತ್ತದೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಿಪ್ಪೆ ಹೋಗಿ, ಗಾತ್ರದ ಪ್ರಕಾರ ವಿಂಗಡಣೆಯಾಗಿ, ಹೊಸ ಚೀಲಕ್ಕೆ ಬೀಳುತ್ತದೆ. ಆ ಚೀಲದ ಮೇಲಿನ ಕ್ಯೂಆರ್ ಕೋಡ್ ಯಾವ ತೋಟದ ಹೆಸರು ಹೇಳಬೇಕು? ಸರಪಳಿಯಲ್ಲಿ ಬರೆದದ್ದು ಬದಲಾಗುವುದಿಲ್ಲ, ಒಪ್ಪೋಣ. ಮೊದಲ ಸಲ ಬರೆಯುವಾಗಲೇ ತಪ್ಪು ಬರೆದರೆ ಏನು ಮಾಡುವುದು? ಈ ಪ್ರಶ್ನೆಗೆ ಉತ್ತರ ಕೊಡಬೇಕಾದ್ದು ಗೋದಾಮು, ತೂಕದ ಯಂತ್ರ, ತಪಾಸಣೆ ಮಾಡುವ ಮನುಷ್ಯ.

ಇಲ್ಲೂ ಕಾನೂನಿನ ಎಳೆ ಇದೆ. ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲ ಅಂತ ತೋಟದ ಭೌಗೋಳಿಕ ಗುರುತಿನ ಸಮೇತ ತೋರಿಸಿದರೆ ಮಾತ್ರ ಕಾಫಿ ಒಳಗೆ ಬಿಡುತ್ತೇವೆ ಅಂತ ಯುರೋಪಿಯನ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿದೆ. ಜಾರಿಯ ದಿನ ಒಂದಕ್ಕಿಂತ ಹೆಚ್ಚು ಸಲ ಮುಂದೆ ಹೋಗಿದೆ. ನಮ್ಮ ಕಾಫಿಗೆ ಯುರೋಪು ದೊಡ್ಡ ಗಿರಾಕಿ. ಹಾಗಾಗಿ ಬೆಳೆಗಾರ, ವ್ಯಾಪಾರಿ, ರಫ್ತುದಾರ ಎಲ್ಲರೂ ಒಂದೇ ಪುಸ್ತಕಕ್ಕೆ ಬರಲು ಈಗ ಒಂದು ಕಾರಣ ಹುಟ್ಟಿದೆ. ಆ ಪುಸ್ತಕ ಬ್ಲಾಕ್‌ಚೈನೇ ಆಗಬೇಕಾ, ಮಂಡಳಿಯ ಒಂದು ಮಾಮೂಲಿ ಡೇಟಾಬೇಸ್ ಸಾಕಾ? ಎರಡೂ ಕಡೆ ವಾದ ಇದೆ. ಹುಡುಗರು ಬರೆಯಲಿ.

ಸಮಾಜದ ಭಾಗಕ್ಕೆ 2016ರ ‘ದಿ ಡಿಎಒ’ ಪ್ರಕರಣ ಸಾಕು, ಬೇರೆ ಹುಡುಕಬೇಡಿ. ಎಥೀರಿಯಂ ಮೇಲೆ ಕಟ್ಟಿದ ಹೂಡಿಕೆ ನಿಧಿ ಅದು. ಮ್ಯಾನೇಜರ್ ಇಲ್ಲ, ಕೋಡೇ ಕಾನೂನು ಅಂತ ಸಾರಿದ್ದರು. ಜೂನ್‌ನಲ್ಲಿ ಯಾರೋ ಕೋಡಿನ ಒಂದು ಲೋಪ ಹಿಡಿದು ಸುಮಾರು 36 ಲಕ್ಷ ಈಥರ್ (ಎಥೀರಿಯಂನ ಕಾಯಿನ್) ಎಳೆದುಕೊಂಡರು. ಅದು ಕಳ್ಳತನವಾ, ಇಲ್ಲಾ ಕೋಡ್ ಬಿಟ್ಟಿದ್ದನ್ನೇ ತೆಗೆದುಕೊಂಡದ್ದಾ? ಜುಲೈ 20ರಂದು ಸರಪಳಿಯನ್ನೇ ಕವಲೊಡೆಸಿ ಹಣ ವಾಪಸ್ ಮಾಡಿದರು. ತಿದ್ದಲಾಗದು ಅಂದಿದ್ದನ್ನು ತಿದ್ದಿದ್ದಕ್ಕೆ ಒಪ್ಪದವರು ಹಳೇ ಸರಪಳಿಯಲ್ಲೇ ಉಳಿದರು, ಅದು ಎಥೀರಿಯಂ ಕ್ಲಾಸಿಕ್ ಆಯಿತು. ಕ್ಲಾಸಿನಲ್ಲಿ ವೋಟ್ ಹಾಕಿಸಿ. ಆಮೇಲೆ ನಮ್ಮ 2023ರ ವೈಯಕ್ತಿಕ ದತ್ತಾಂಶ ಕಾಯ್ದೆ ತನ್ನಿ. ನನ್ನ ಮಾಹಿತಿ ಅಳಿಸಿ ಅಂತ ಕೇಳುವ ಹಕ್ಕು ಅದರಲ್ಲಿದೆ. ಅಳಿಸಲಾಗದ ಪುಸ್ತಕದಲ್ಲಿ ಆ ಹಕ್ಕಿಗೆ ಜಾಗ ಎಲ್ಲಿ? ಹೆಸರು, ಜಾತಿ, ರೋಗದ ವಿವರಗಳನ್ನು ಸರಪಳಿಗೆ ಏರಿಸಲೇಬಾರದು, ಹೊರಗಿಟ್ಟು ಹ್ಯಾಶ್ ಮಾತ್ರ ಒಳಗಿಡಬೇಕು ಅನ್ನುವುದು ರೂಢಿಯ ಉತ್ತರ. ಅದೂ ಪೂರ್ತಿ ಸಾಕಾಗುವುದಿಲ್ಲ, ಅದರ ಚರ್ಚೆಯೂ ಆಗಲಿ.

ಕಾಯಿನ್ ಪ್ರಶ್ನೆಯನ್ನು ತಪ್ಪಿಸಿಕೊಳ್ಳಬೇಡಿ. ನೀವು ಹೇಳದಿದ್ದರೆ ಯೂಟ್ಯೂಬ್ ಹೇಳುತ್ತದೆ. ಆದರೆ ಒಂದೇ ಕ್ಲಾಸಿನಲ್ಲಿ ಕಾನೂನು ಮತ್ತು ತೆರಿಗೆಯಾಗಿ ಮುಗಿಸಿ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಇಂಥ ವ್ಯವಹಾರಕ್ಕೆ ಬ್ಯಾಂಕುಗಳು ಸೇವೆ ಕೊಡಬಾರದು ಅಂದಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. 2022ರ ಬಜೆಟ್‌ನಲ್ಲಿ ಲಾಭದ ಮೇಲೆ 30 ಶೇಕಡಾ ತೆರಿಗೆ, ವರ್ಗಾವಣೆಯ ಮೇಲೆ 1 ಶೇಕಡಾ ಟಿಡಿಎಸ್ ಬಂತು. ಒಂದರ ನಷ್ಟವನ್ನು ಇನ್ನೊಂದರ ಲಾಭಕ್ಕೆ ವಜಾ ಹಾಕುವಂತಿಲ್ಲ. ಈ ಕೊನೆಯ ಸಾಲನ್ನು ಒಂದು ಲೆಕ್ಕವಾಗಿ ಬೋರ್ಡಿನ ಮೇಲೆ ಮಾಡಿಸಿ: ಒಂದು ಕಾಯಿನ್‌ನಲ್ಲಿ 1 ಲಕ್ಷ ಲಾಭ, ಇನ್ನೊಂದರಲ್ಲಿ 1 ಲಕ್ಷ ನಷ್ಟ, ಕೈಗೆ ಏನೂ ಬರಲಿಲ್ಲ, ತೆರಿಗೆ ಮಾತ್ರ 30 ಸಾವಿರ. ಉತ್ಸಾಹ ತಾನಾಗಿ ಇಳಿಯುತ್ತದೆ. ರಿಸರ್ವ್ ಬ್ಯಾಂಕಿನ ಡಿಜಿಟಲ್ ರೂಪಾಯಿಯನ್ನು ಇದರ ಜೊತೆ ಕಲಸಬೇಡಿ. 2022ರ ಡಿಸೆಂಬರ್ 1ರಂದು ಸಾಮಾನ್ಯ ಜನರಿಗೆ ಪ್ರಾಯೋಗಿಕವಾಗಿ ಶುರುವಾದಾಗ ಮೊದಲ ನಾಲ್ಕು ಊರುಗಳಲ್ಲಿ ಬೆಂಗಳೂರೂ ಇತ್ತು. ಅದು ರೂಪಾಯಿಯೇ, ಹೊಣೆ ರಿಸರ್ವ್ ಬ್ಯಾಂಕಿನದ್ದೇ.

ಅತಿಥಿ ಉಪನ್ಯಾಸ ಕೊಡುತ್ತೇವೆ, ಟೀ-ಶರ್ಟ್ ಕೊಡುತ್ತೇವೆ ಅಂತ ಕಾಯಿನ್ ಮಾರುವ ಕಂಪನಿಯವರು ಬಂದರೆ ನಯವಾಗಿ ಬೇಡ ಅನ್ನಿ. ಕಸ್ಟಮ್ಸ್ ಏಜೆಂಟ್, ಬ್ಯಾಂಕಿನ ಟ್ರೇಡ್ ಫೈನಾನ್ಸ್ ವಿಭಾಗದವರು, ಕ್ಯೂರಿಂಗ್ ವರ್ಕ್ಸ್ ನಡೆಸುವವರು, ಇಂಥವರನ್ನು ಕರೆಸಿ. ಅವರಿಗೆ ಬ್ಲಾಕ್‌ಚೈನ್ ಗೊತ್ತಿರದಿದ್ದರೂ ಪರವಾಗಿಲ್ಲ. ಯಾರ ಪುಸ್ತಕವನ್ನು ಯಾರು ಯಾಕೆ ನಂಬುವುದಿಲ್ಲ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು.

ಇನ್ನು ಇಂಜಿನಿಯರ್ ಹುಡುಗರ ಮುಂದೆ ನಿಲ್ಲುವುದು ಹೇಗೆ ಅಂದಿರಲ್ಲ. ಲ್ಯಾಬ್ ಕ್ಲಾಸನ್ನು ಅವರಿಗೇ ವಹಿಸಿ. ಎಥೀರಿಯಂನ ಸೆಪೋಲಿಯಾ ಅನ್ನುವ ಪರೀಕ್ಷಾ ಜಾಲದಲ್ಲಿ ನಿಜವಾದ ದುಡ್ಡು ಬೇಕಾಗುವುದಿಲ್ಲ. ಅಲ್ಲಿ ವ್ಯಾಲೆಟ್ ತೆರೆದು, ಒಬ್ಬರು ಇನ್ನೊಬ್ಬರಿಗೆ ಸ್ವಲ್ಪ ಈಥರ್ ಕಳಿಸಿ, ಆ ವ್ಯವಹಾರವನ್ನು ಎಥರ್‌ಸ್ಕ್ಯಾನ್ ಅನ್ನುವ, ಸರಪಳಿಯ ವ್ಯವಹಾರಗಳನ್ನು ತೋರಿಸುವ ಪುಟದಲ್ಲಿ ಹುಡುಕಿ ತೋರಿಸಲಿ. ಪ್ರತಿ ಇಂಜಿನಿಯರ್ ಜೊತೆಗೆ ಒಬ್ಬ ಬಿಕಾಂ ವಿದ್ಯಾರ್ಥಿಯನ್ನು ಕೂರಿಸಿ. ಆಮೇಲೆ ನೀವು ಆ ಪುಟ ತೋರಿಸಿ ಕೇಳಿ: ಇದು ಸಾಲವಾ, ಉಡುಗೊರೆಯಾ, ಮಾರಾಟವಾ, ಲಂಚವಾ? ಯಾವ ಖಾತೆಗೆ ಜರ್ನಲ್ ಎಂಟ್ರಿ ಹಾಕುತ್ತೀರಿ? ಪುಟದಲ್ಲಿ ಎರಡು ವಿಳಾಸ, ಒಂದು ಮೊತ್ತ, ಒಂದು ಸಮಯ, ಶುಲ್ಕದಂಥ ತಾಂತ್ರಿಕ ವಿವರ ಇರುತ್ತವೆ, ಯಾಕೆ ಕೊಟ್ಟದ್ದು ಅಂತ ಮಾತ್ರ ಇರುವುದಿಲ್ಲ. ಅಲ್ಲಿಂದ ಮುಂದಿನ ಪಾಠ ನಿಮ್ಮದು.

ಇಂಟರ್ನಲ್ಸ್‌ಗೆ ಕಿರುಪರೀಕ್ಷೆ ಬೇಡ. ತಮಗೆ ಗೊತ್ತಿರುವ ಒಂದು ವ್ಯವಹಾರ ಆರಿಸಿ, ಎಪಿಎಂಸಿಯೋ, ಹಾಲಿನ ಡೇರಿಯೋ, ಸೀರೆ ಅಂಗಡಿಯೋ, ಅಲ್ಲಿಗೆ ಬ್ಲಾಕ್‌ಚೈನ್ ಬೇಕಾ ಬೇಡವಾ ಅಂತ ಎರಡು ಪುಟದ ಟಿಪ್ಪಣಿ ಬರೆಯಲಿ. ಬೇಡ ಅಂತ ಕಾರಣ ಸಮೇತ ಬರೆದವರಿಗೂ ಪೂರ್ತಿ ಅಂಕ ಸಿಗುತ್ತದೆ ಅಂತ ಮೊದಲ ದಿನವೇ ಹೇಳಿಬಿಡಿ, ಇಲ್ಲದಿದ್ದರೆ ಎಲ್ಲರೂ ಬೇಕು ಅಂತಲೇ ಬರೆದು ತರುತ್ತಾರೆ.